ಹನ್ನೆರಡ ಮಂದಿ ಮಾತು ಕೇಳಿ ಬರೆದ ಪೇಪರ್‌ನ ಎಷ್ಟು ನಂಬಬೇಕು?

ಈ ಸಲ ಬಂದ ಪ್ರಶ್ನಿಗಳೊಳಗ ಅರ್ಧಕ್ಕಿಂತ ಜಾಸ್ತಿ ಒಂದ ವಿಷಯದ್ದು. ಆಕ್ಯುಪೇಷನಲ್ ಥೆರಪಿ (ಚಿಕ್ಕದಾಗಿ ಓಟಿ), ಅಂದ್ರ ಲಕ್ವಾ, ಅಪಘಾತ, ಹುಟ್ಟಿನಿಂದ ಬಂದ ತೊಂದರಿ ಇಂಥವುದ್ರಿಂದ ದಿನದ ಕೆಲಸ ನಿಂತುಹೋದವ್ರಿಗೆ ಆ ಕೆಲಸ ಮತ್ತ ಮಾಡೂಹಂಗ ಮಾಡೋ ಚಿಕಿತ್ಸೆ, ಅದರೊಳಗ ಮಂದಿ ಜೋಡಿ ಕುಂತು ಮಾತಾಡಿ, ಮನಿಗೆ ಹೋಗಿ ನೋಡಿ ಮಾಡೋ ಸಂಶೋಧನೆ ಇರ್ತೈತಿ, ಕ್ವಾಲಿಟೇಟಿವ್ ರಿಸರ್ಚ್ ಅಂತಾರ, ಪುಸ್ತಕದಾಗ ಗುಣಾತ್ಮಕ ಸಂಶೋಧನೆ ಅಂತ ಬರೀತಾರ, ಅದು ಛಲೋ ಐತೋ ಇಲ್ಲೋ ಅಂತ ತೂಗೂದು ಹೆಂಗ ಅಂತ ಕೇಳೀರಿ. ಹಿಂಗಾಗಿ ಬೆನ್ನುನೋವು, ಗಾಲಿಕುರ್ಚಿ ಅಳತಿ ಪ್ರಶ್ನಿ ಎಲ್ಲಾ ಮುಂದಿನ ಸಂಚಿಕೆಗೆ ಇಟ್ಟೀನಿ, ಸಿಟ್ಟಾಗಬ್ಯಾಡ್ರಿ. ಹೆಸರು ಯಾರ್ದೂ ಹಾಕಿಲ್ಲ, ಊರಷ್ಟ.

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಬಿಓಟಿ (ಓಟಿ ಪದವಿ) ಕೊನೆ ವರ್ಷದಾಕಿ. ಜರ್ನಲ್ ಕ್ಲಬ್‌ನಾಗ ನನ್ನ ಪಾಳಿಗೆ ಬಂದ ಸಂಶೋಧನಾ ಪೇಪರ್‌ನಾಗ ಲಕ್ವಾ ಆದ 12 ಹೆಣ್ಮಕ್ಕಳ ಜೋಡಿ ಮಾತಾಡಿ, ಆಸ್ಪತ್ರಿಯಿಂದ ಮನಿಗೆ ಬಂದಮ್ಯಾಲೆ ಅಡಿಗಿ ಕೆಲಸ ಏನಾತು ಅಂತ ಬರದಾರ. ಸ್ಯಾಂಪಲ್ ಸೈಜ್ 12 ಅಂದಕೂಡ್ಲೆ ಹಿಂದಿನ ಬೆಂಚಿನವ್ರು ನಕ್ಕರು. ನಾ ಪೇಪರ್ ತೂಗೋ ಕ್ಯಾಸ್ಪ್ ಅನ್ನೋ ಚೆಕ್‌ಲಿಸ್ಟ್ ತುಂಬಿದೆ, ಹತ್ತಕ್ಕ ಒಂಬತ್ತು ಹೌದು ಬಂತು. ಹಂಗಂದ್ರ ಅದು ಛಲೋ ಪೇಪರ್ ಅಂತಾನ? (ಬೆಳಗಾವಿ)

ಉತ್ತರ: ನಕ್ಕವ್ರಿಗೆ ಮೊದಲ ಹೇಳಿಬಿಡೂನು. ಲಕ್ವಾ ಆದವ್ರೊಳಗ ನೂರಕ್ಕ ಎಷ್ಟು ಮಂದಿ ಮತ್ತ ರೊಟ್ಟಿ ಬಡೀತಾರ ಅನ್ನೂದು ಪ್ರಶ್ನಿ ಆಗಿದ್ರ 12 ಎಲ್ಲಿಗೂ ಸಾಲಂಗಿಲ್ಲ, ನಕ್ಕಿದ್ದು ಬರೋಬರಿ. ಆದ್ರ ಒಬ್ಬಾಕಿ ಥೆರಪಿ ರೂಮಿನಾಗ ಛಂದಂಗ ಹಿಟ್ಟು ನಾದಿ ತೋರಿಸಿದಾಕಿ ಮನಿಗೆ ಬಂದಮ್ಯಾಲೆ ಒಲಿ ಕಡಿ ಯಾಕ ಹಾಯಂಗಿಲ್ಲ, ಸೊಸಿ ಮುಂದ ಹಿಟ್ಟು ಚೆಲ್ಲಿದ್ರ ಹೆಂಗ ಅನ್ನೋ ಅಂಜಿಕ್ಯೋ, ಇಲ್ಲಾ ಸಾಕು ನೀ ಕುಂದ್ರವ್ವಾ ಅಂತ ಮನಿಯವ್ರ ಕೆಲಸಾ ಕಸಗೊಂಡಾರೋ, ಇಲ್ಲಾ ಆಕಿಗೇ ಇನ್ನ ಸಾಕಾಗೇತೋ, ಇದನ್ನ ತಿಳ್ಕೊಬೇಕು ಅಂದ್ರ ಐದುನೂರು ಮಂದಿಗೆ ಟಿಕ್ ಹಾಕೋ ಫಾರ್ಮ್ ಹಂಚಿದ್ರೂ ಗೊತ್ತಾಗಂಗಿಲ್ಲ. ಪ್ರಶ್ನಿ ಯಾವುದು ಅನ್ನೂದನ್ನ ನೋಡದ ಸ್ಯಾಂಪಲ್ ಸೈಜ್ ನೋಡಿ ನಗೂದು ಬ್ಯಾಡ.

ಹಂಗಂತ 12 ಅಂದ್ರ ಆತು ಅಂತನೂ ಅಲ್ಲ. ಎಷ್ಟು ಮಂದಿ ಅನ್ನೂದ್ರಕಿಂತ ಯಾವ ಮಂದಿ ಅಂತ ಕೇಳ್ರಿ. ಹನ್ನೆರಡೂ ಮಂದಿ ಒಂದ ಆಸ್ಪತ್ರಿ ಓಪಿಡಿಗೆ ತಪ್ಪದ ಬರೋವ್ರೇನು? ಹಂಗಿದ್ರ ಥೆರಪಿ ಬಿಟ್ಟು ಮನಿ ಹಿಡದವ್ರ ಮಾತು ಎಲ್ಲಿ ಹೋತು? ಲಕ್ವಾ ಆದವ್ರೊಳಗ ಶುರುವಿಗೆ ಸುಮಾರು ಮೂರರಾಗ ಒಬ್ರಿಗೆ ಅಫೇಸಿಯಾ ಇರ್ತೈತಿ, ಮಾತು ಹೊಂಡಂಗಿಲ್ಲ ಇಲ್ಲಾ ಮಂದಿ ಅಂದದ್ದು ತಿಳಿಯಂಗಿಲ್ಲ, ಅಂಥವ್ರನ್ನ ಸಂದರ್ಶನ ಕೊಡಾಕ ಆಗಂಗಿಲ್ಲ ಅಂತ ಒಂದ ಸಾಲಿನಾಗ ಕೈಬಿಟ್ಟ ಪೇಪರ್ ರಗಡ ಸಿಗ್ತಾವ. ಚಿತ್ರ ತೋರಿಸಿ, ತಾಸುಗಟ್ಲೆ ಟೈಮ್ ಕೊಟ್ಟು, ಕೆಲಸ ಮಾಡೂಮುಂದ ಬಾಜೂಕ ಕುಂತು ನೋಡಿ ಅವ್ರ ಅನುಭವನೂ ತಿಳ್ಕೊಳ್ಳಾಕ ಬರ್ತೈತಿ, ತ್ರಾಸ ಐತಿ ಅಷ್ಟ. ಕೈಬಿಟ್ರ ಬಿಡ್ಲಿ, ಆದ್ರ ಕೈಬಿಟ್ಟಿದ್ದಕ್ಕ ತಮ್ಮ ಮಾತು ಎಲ್ಲಿ ತನಕಾ ನಿಲ್ತೈತಿ ಅಂತ ಅವ್ರ ಹೇಳಬೇಕಲ್ಲ.

ಇನ್ನೊಂದು, "ಸ್ಯಾಚುರೇಷನ್ ಬಂತು, ಹಂಗಾಗಿ ನಿಲ್ಲಿಸಿದ್ವಿ" ಅಂತ ಬರದಿರ್ತಾರ. ಹೊಸಾದು ಏನೂ ಬರಲಾರದಂಗ ಆತು ಅಂತ ಅರ್ಥ. ಇದು 1967ರಾಗ ಗ್ಲೇಸರ್ ಮತ್ತ ಸ್ಟ್ರೌಸ್ ಗ್ರೌಂಡೆಡ್ ಥಿಯರಿ ಅನ್ನೋ ಒಂದು ನಿರ್ದಿಷ್ಟ ಪದ್ಧತಿಗೆ ಅಂತ ಹೇಳಿದ ಮಾತು, ಅಲ್ಲಿ ಒಬ್ರನ್ನ ಕೇಳಿ, ಬಂದದ್ದನ್ನ ಬಿಡಿಸಿ ನೋಡಿ, ಮುಂದ ಯಾರನ್ನ ಕೇಳಬೇಕು ಅಂತ ಅದರ ಮ್ಯಾಲೆ ತೀರ್ಮಾನ ಮಾಡ್ತಾರ. ಈಗ ನೋಡಿದ್ರ ಯಾವ ಪದ್ಧತಿ ಇದ್ರೂ ಈ ಒಂದು ಸಾಲು ಇದ್ದ ಇರ್ತೈತಿ, ಸಂದರ್ಶನ ಎಲ್ಲಾ ಒಂದ ವಾರದಾಗ ಮುಗಿಸಿ ಆಮ್ಯಾಲೆ ಸಾಲುಸಾಲಿಗೆ ಅರ್ಥದ ಹೆಸರು ಹಚ್ಚೋ ಕೋಡಿಂಗ್‌ಗೆ ಕುಂತವ್ರೂ ಸ್ಯಾಚುರೇಷನ್ ಬಂತು ಅಂತಾರ, ಬಿಡಿಸಿ ನೋಡದ ಬಂದದ್ದು ಗೊತ್ತಾಗಿದ್ದು ಹೆಂಗ್ರೀ? ಅದಕ್ಕಿಂತ 2016ರಾಗ ಮಾಲ್ಟೆರುಡ್ ಅನ್ನೋ ನಾರ್ವೆ ಡಾಕ್ಟರ್ ಮತ್ತ ಅವರ ಜೋಡೀದವ್ರು ಹೇಳಿದ ಇನ್ಫರ್ಮೇಷನ್ ಪವರ್ ವಿಚಾರ ನನಗ ಒಪ್ಪಿಗಿ ಆಗ್ತೈತಿ. ಪ್ರಶ್ನಿ ಸಣ್ಣದಿದ್ದು, ಮಂದಿ ಆ ಪ್ರಶ್ನಿಗೆ ತಕ್ಕವ್ರಿದ್ದು, ಮಾತುಕತಿ ಆಳಕ್ಕ ಹೋಗಿದ್ರ ಕಡಿಮಿ ಮಂದಿ ಸಾಕು, ಪ್ರಶ್ನಿ ಅಗಲ ಇದ್ದು ಮಾತು ತೆಳ್ಳಗಿದ್ರ ಜಾಸ್ತಿ ಮಂದಿ ಬೇಕು.

ಈಗ ನಿಮ್ಮ ಒಂಬತ್ತು ಮಾರ್ಕಿಗೆ ಬರೂನು. ಕ್ಯಾಸ್ಪ್‌ನಾಗ ಹತ್ತು ಪ್ರಶ್ನಿ ಅದಾವ, ಆದ್ರ ಅದನ್ನ ಮಾಡಿದವ್ರ ಹೇಳ್ಯಾರ, ಇದಕ್ಕ ಮಾರ್ಕ್ಸ್ ಹಾಕೋ ಪದ್ಧತಿ ನಾವು ಸೂಚಿಸಂಗಿಲ್ಲ ಅಂತ. ನೀವು ಒಂಬತ್ತಕ್ಕ ಹೌದು ಅಂದ್ರಿ, ಉಳಿದ ಒಂದು ಯಾವುದು? ಅದು "ಸಂಶೋಧಕ ಮತ್ತ ಉತ್ತರ ಕೊಟ್ಟವ್ರ ನಡುವಿನ ಸಂಬಂಧ ವಿಚಾರ ಮಾಡ್ಯಾರೇನು" ಅನ್ನೂದಾಗಿದ್ರ, ನನ್ನ ಅನುಭವದಾಗ ಎಲ್ಲಾ ಪೇಪರ್ ಬೀಳೂದು ಅಲ್ಲೇ, ಆ ಒಂದ ತಪ್ಪು ಉಳಿದ ಒಂಬತ್ತನ್ನೂ ನುಂಗಬಹುದು. ಬಿಎಂಜೆ ಅನ್ನೋ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಳಗ 2001ರಾಗ ಬಾರ್ಬರ್ ಅನ್ನೋವ್ರು ಇದನ್ನ ಬರದಾರ, ಟ್ರಯಾಂಗ್ಯುಲೇಷನ್ (ಒಂದ ವಿಷಯನ ಎರಡು ಮೂರು ದಾರಿಯಿಂದ ನೋಡೂದು), ಇಬ್ರು ಕೂಡಿ ಕೋಡಿಂಗ್, ಉತ್ತರ ಕೊಟ್ಟವ್ರಿಗೆ ವಾಪಸ್ ತೋರಿಸೂದು, ಇವನ್ನೆಲ್ಲ ಯಾಕ ಅಂತ ವಿಚಾರ ಮಾಡದ ಪಟ್ಟಿ ತುಂಬಾಕ ಅಂತ ಮಾಡಿದ್ರ ಗಟ್ಟಿತನ ಬರಂಗಿಲ್ಲ ಅಂತ. 2007ರಾಗ ಡಿಕ್ಸನ್-ವುಡ್ಸ್ ಮತ್ತ ಅವರ ತಂಡ ಇನ್ನೂ ಮುಂದ ಹೋಗಿ, 12 ಪೇಪರ್ 6 ಮಂದಿಗೆ ಕೊಟ್ಟು, ಮೂರು ರೀತಿಯಿಂದ ತೂಗಸಿದ್ರು, ಚೆಕ್‌ಲಿಸ್ಟ್ ಇಟ್ಕೊಂಡು ಮತ್ತ ಚೆಕ್‌ಲಿಸ್ಟ್ ಇಲ್ಲದ. ಒಬ್ರ ತೀರ್ಪಿಗೂ ಇನ್ನೊಬ್ರ ತೀರ್ಪಿಗೂ ಹೊಂದಾಣಿಕಿ ಅಷ್ಟಕ್ಕಷ್ಟ, ಚೆಕ್‌ಲಿಸ್ಟ್ ಇದ್ರೂ ಅದೇನು ಸುಧಾರಿಸಲಿಲ್ಲ. ಹಂಗಂತ ಚೆಕ್‌ಲಿಸ್ಟ್ ಹರದು ಒಗೀಬ್ಯಾಡ್ರಿ, ಏನೇನು ನೋಡಬೇಕು ಅಂತ ನೆನಪು ಮಾಡಿಕೊಡಾಕ ಅದು ಬೇಕ. ನಮ್ಮ ಓಟಿ ಮಂದಿನ ಮಾಡಿದ್ದು ಬೇಕಂದ್ರ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ್ದೊಂದು ಫಾರ್ಮ್ ಐತಿ, ಅದರಾಗ ಪ್ರತಿ ಪ್ರಶ್ನಿಗೂ ಬರಿಯಾಕ ಜಾಗ ಕೊಟ್ಟಾರ, ಟಿಕ್ ಹಾಕಿ ಪಾರಾಗಾಕ ಬರಂಗಿಲ್ಲ, ಅದಕ್ಕ ನನಗ ಸೇರ್ತೈತಿ.

ಹಂಗಾದ್ರ ತೂಗೂದು ಹೆಂಗ? ನನ್ನ ಅಳತಿ ಹೇಳ್ತೀನಿ, ಬ್ಯಾರೆದವ್ರದು ಬ್ಯಾರೆ ಇರಬಹುದು. ಆ ಪೇಪರ್ ತನ್ನ ಜೋಡಿ ಜಗಳ ಆಡಾಕ ನನಗ ಸಾಮಾನು ಕೊಟ್ಟೈತೇನು ಅಂತ ನೋಡ್ತೀನಿ. ಸುಮ್ನ ಒಂದು ಉದಾಹರಣಿ ಕಟ್ಟತೀನಿ ನೋಡ್ರಿ. ಥೀಮ್ ಅಂದ್ರ ಬಹಳ ಮಾತುಗಳಿಂದ ತಗದ ಒಂದು ಒಟ್ಟು ಅರ್ಥ. ಥೀಮಿನ ಹೆಸರು "ಕುಟುಂಬದ ಬೆಂಬಲ", ಅದರ ಕೆಳಗ ಒಬ್ಬಾಕಿ ಮಾತು, "ನನ್ನ ಸೊಸಿ ಏನೂ ಮಾಡಾಕ ಬಿಡಂಗಿಲ್ರಿ, ಕೊಮಣಿಗಿ ಮುಟ್ಟಿದ್ರ ಸಾಕು ಕೈ ಹಿಡದು ಹೊರಗ ಕರಕೊಂಡ ಬಂದು ಕುಂದ್ರಸ್ತಾಳ." ಬರದವ್ರಿಗೆ ಇದು ಬೆಂಬಲ. ನನಗ ಓದಿದ್ರ ಇಪ್ಪತ್ತು ಮೂವತ್ತು ವರ್ಷ ಮನಿ ಅಡಿಗಿ ನಡಸಿದ ಹೆಂಗಸನ್ನ ಅಡಿಗಿಮನಿಯಿಂದ ಹೊರಗ ಹಾಕ್ಯಾರ. ಯಾರು ಖರೆ? ಆಕಿ ಮುಂದ ಏನಂದಳು, ನಕ್ಕೊಂತ ಅಂದಳೋ ಕಣ್ಣೀರು ತಗದಳೋ, ಸೊಸಿ ಆವಾಗ ಅಲ್ಲೇ ಇದ್ದಳೋ, ಬ್ಯಾರೆ ಹನ್ನೊಂದು ಮಂದಿಯೊಳಗ ಇದಕ್ಕ ಉಲ್ಟಾ ಅಂದವ್ರು ಯಾರರ ಅದಾರೋ, ಇಷ್ಟು ಪೇಪರ್‌ನಾಗ ಇದ್ರ ನಾನು ನೀವು ಕುಂತು ವಾದ ಮಾಡಾಕ ಬರ್ತೈತಿ, ಬರದವ್ರು ಹೇಳಿದ ಅರ್ಥ ತಪ್ಪಿದ್ರೂ ಆ ಪೇಪರ್ ಕೆಲಸಕ್ಕ ಬರ್ತೈತಿ. ಒಂದ ಸಾಲು ಮಾತು, ಮ್ಯಾಲೊಂದು ಥೀಮ್, ಕೆಳಗೊಂದು "ಕುಟುಂಬದ ಬೆಂಬಲ ಮಹತ್ವದ್ದು" ಅನ್ನೋ ತೀರ್ಮಾನ ಇಷ್ಟ ಇದ್ರ, ಒಪ್ಪಾಕೂ ಬರಂಗಿಲ್ಲ ತಳ್ಳಾಕೂ ಬರಂಗಿಲ್ಲ.

ಹಂಗಾಗಿ ಪೇಪರ್ ಕೈಗೆ ಬಂದ್ರ ಮೊದಲ ಫಲಿತಾಂಶದ ಭಾಗ ತಗೀರಿ. ಮಾತುಗಳ ಮುಂದ ಯಾರ ಮಾತು ಅಂತ ಹಾಕಿದ ನಂಬರ್ ನೋಡ್ರಿ, ಪಿ3, ಪಿ3, ಪಿ7, ಮತ್ತ ಪಿ3 ಅಂತ ಇದ್ರ ಹನ್ನೆರಡ ಮಂದಿ ಪೇಪರ್ ಅಲ್ಲ ಅದು, ಮಾತುಗಾರ್ತಿ ಒಬ್ಬಾಕಿದು. ಥೀಮಿನ ಹೆಸರು "ಸವಾಲುಗಳು", "ಬೆಂಬಲ", "ಸಲಹೆಗಳು" ಅಂತ ಇದ್ರ ಅವು ಥೀಮ್ ಅಲ್ಲ, ಸಂದರ್ಶನಕ್ಕ ಹೋಗೂಮುಂದ ಬರಕೊಂಡ ಪ್ರಶ್ನಿಗಳ ತಲಿಬರಹ, ವಿಶ್ಲೇಷಣೆ ಇನ್ನೂ ಶುರುನ ಆಗಿಲ್ಲ ಅಂತ ತಿಳೀರಿ. ಕ್ಲಾಸಿನಾಗ ಬಾಯಿಪಾಠ ಮಾಡಿಸಿದ ನಾಕು ಶಬ್ದ ಐತಲ್ಲ, ಕ್ರೆಡಿಬಿಲಿಟಿ (ನಂಬಿಕಿಗೆ ತಕ್ಕದ್ದು), ಟ್ರಾನ್ಸ್‌ಫರೆಬಿಲಿಟಿ (ಬ್ಯಾರೆ ಕಡಿ ಹೊಂದೂದು), ಡಿಪೆಂಡೆಬಿಲಿಟಿ (ಮಾಡಿದ ರೀತಿ ಸ್ಥಿರ ಇರೂದು), ಕನ್ಫರ್ಮೆಬಿಲಿಟಿ (ತೀರ್ಮಾನ ಮಾಹಿತಿಯಿಂದನ ಬಂದದ್ದು), 1985ರಾಗ ಲಿಂಕನ್ ಮತ್ತ ಗೂಬಾ ಕೊಟ್ಟಿದ್ದು, 1991ರಾಗ ಲಾರಾ ಕ್ರೆಫ್ಟಿಂಗ್ ಅಮೆರಿಕದ ಓಟಿ ಜರ್ನಲ್‌ನಾಗ ಅದನ್ನ ನಮ್ಮ ಮಂದಿಗೆ ಬಿಡಿಸಿ ಹೇಳಿದ್ರು, ಅಲ್ಲಿಂದ ನಮ್ಮ ಥೀಸಿಸ್‌ಗಳೊಳಗ ಆ ನಾಕೂ ಶಬ್ದ ಒಂದ ಪ್ಯಾರಾದಾಗ ಹಾಯಾಕ ಶುರುವಾತು. ಶಬ್ದ ಇದ್ರ ಆಗಲಿಲ್ಲ, ಏನು ಮಾಡಿದ್ರು ಅಂತ ಹುಡುಕ್ರಿ. ಜರ್ನಲ್ ಕ್ಲಬ್‌ನಾಗ ಇದಷ್ಟ ಹೇಳ್ರಿ, ಹಿಂದಿನ ಬೆಂಚು ಸುಮ್ಮನಾಗ್ತೈತಿ.

ಪ್ರಶ್ನೆ: ಅಕ್ಕಾರ, ನಮ್ಮವ್ವಗ ಲಕ್ವಾ ಆಗಿ ಒಂದ ಬಾಜು ಕೈಕಾಲು ಸರಿಯಿಲ್ಲ. ಕಾಲೇಜಿನ ಹುಡುಗಿ ಒಬ್ಬಾಕಿ ಮನಿಗೆ ಬಂದು ಫೋನಿನಾಗ ರೆಕಾರ್ಡ್ ಮಾಡ್ಕೊಂಡು ಪ್ರಶ್ನಿ ಕೇಳಿದ್ಲು. ಅರ್ಧಕ್ಕಿಂತ ಜಾಸ್ತಿ ಉತ್ತರ ನಮ್ಮಪ್ಪನ ಹೇಳಿದ. ಆಮ್ಯಾಲೆ ಒಂದು ಹಾಳಿ ತಂದು "ನೀವು ಹೇಳಿದ್ದು ಇದ ಅಲ್ರೀ ಅಮ್ಮಾ" ಅಂತ ಓದಿ ಹೇಳಿದ್ಲು, ಅವ್ವ ಹೂಂ ಅಂದು ಹೆಬ್ಬಟ್ಟು ಒತ್ತಿದ್ಲು. ಹುಡುಗಿ ಪಾಪ ಒಳ್ಳೇಕಿನ. ಆದ್ರ ಇದು ವಿಜ್ಞಾನ ಹೆಂಗ ಆಗ್ತೈತಿ? (ಬಾಗಲಕೋಟೆ, ನವನಗರ)

ಉತ್ತರ: ತಂಗೀ, ನೀ ಕೇಳಿದ್ದನ್ನ ಪರೀಕ್ಷಕರು ವೈವಾದಾಗ ಕೇಳಬೇಕು, ಕೇಳಂಗಿಲ್ಲ.

ಎರಡು ಮಾತು ಬ್ಯಾರೆ ಬ್ಯಾರೆ ಮಾಡೂನು. ಅಪ್ಪ ಉತ್ತರ ಕೊಟ್ಟಿದ್ದು ದೊಡ್ಡ ತಪ್ಪೇನಲ್ಲ, ನಮ್ಮ ಮನಿಗಳೊಳಗ ಒಬ್ರನ್ನ ಒಂದ ಖೋಲಿಯಾಗ ಕುಂದ್ರಿಸಿ ಬಾಗಲಾ ಹಾಕಿ ಮಾತಾಡಸ್ತೀನಿ ಅಂದ್ರ ಓಣಿ ಮಂದಿನ ಬಂದು ಇಣಕ್ತಾರ. ತಪ್ಪು ಆಗೂದು ಎಲ್ಲಿ ಅಂದ್ರ ಅಪ್ಪ ಅಂದದ್ದನ್ನ ಅವ್ವನ ಮಾತು ಅಂತ ಬರದ್ರ. ಛಲೋ ಸಂಶೋಧಕಿ ಆದ್ರ, ಗಂಡ ಬಾಜೂಕಿದ್ದ, ಊಟದ ಪ್ರಶ್ನಿಗೆ ಆಕಿ ಬಾಯಿ ತಗೀದ್ರಾಗ ಆಂವ ಹೇಳಿದ, ಸ್ನಾನದ ವಿಚಾರ ಬಂದಾಗ ಇಬ್ರೂ ಸುಮ್ಮನಾದ್ರು ಅಂತ ಆ ದಿನಾನ ನೋಟ್ ಬರದಿಡ್ತಾಳ. ಹಂಗ ಬರದ್ರ ಅದೂ ಒಂದು ಮಾಹಿತಿನ, ಯಾರ ಕೈಯಾಗ ಆಕಿ ದಿನಚರಿ ಐತಿ ಅಂತ ಅದರಿಂದ ಗೊತ್ತಾಗ್ತೈತಿ. ಮತ್ತ ಇನ್ನೊಂದು ಸಲ, ಅಪ್ಪ ಕೆಲಸಕ್ಕ ಹೋದಾಗ ಬಂದು ಕಟ್ಟಿ ಮ್ಯಾಲೆ ಕುಂತು ಮಾತಾಡಿಸಿದ್ರ ಇನ್ನೂ ಛಲೋ.

ಹಾಳಿ ಓದಿ ಹೇಳಿದ್ದಕ್ಕ ಮೆಂಬರ್ ಚೆಕಿಂಗ್ ಅಂತಾರ. ಲಿಂಕನ್ ಮತ್ತ ಗೂಬಾ ಇದಕ್ಕ ಭಾಳ ತೂಕ ಕೊಟ್ಟಿದ್ರು, ಮುಂದ ಜಾನಿಸ್ ಮೋರ್ಸ್‌ರಂಥವ್ರು ಇದನ್ನ ಒಪ್ಪಲಿಲ್ಲ. ನನಗ ಅನಿಸೂದು ಇಷ್ಟ: ಮನಿಗೆ ಬಂದ ಕಲ್ತ ಹುಡುಗಿ, ನಾಳೆ ಅದ ಆಸ್ಪತ್ರಿಯಾಗ ಥೆರಪಿ ಮಾಡಾಕಿ, ಇದ ಅಲ್ರೀ ಅಂತ ಕೇಳಿದ್ರ ಯಾವ ಅವ್ವ ಇಲ್ಲ ಅಂತಾಳು? ಆ ಹೂಂ ಒಳಗ ಒಪ್ಪಿಗಿಗಿಂತ ಮರ್ಯಾದಿ ಜಾಸ್ತಿ. ಕೇಳಬೇಕಾದ್ದು "ಇದರಾಗ ಯಾವುದು ನಿಮಗ ಹೊಂದಂಗಿಲ್ಲ, ಯಾವುದು ಬಿಟ್ಟೀನಿ" ಅಂತ, ಮತ್ತ ಅದಕ್ಕ ಅವ್ರು ಏನಾದ್ರೂ ಅಂದ್ರ ಪೇಪರ್‌ನಾಗ ಅದೂ ಬರಬೇಕು. "ಎಲ್ಲರೂ ಒಪ್ಪಿದರು" ಅಂತ ಬರದ ಪೇಪರ್ ನೋಡಿದ್ರ ನನಗ ಅನುಮಾನ ಜಾಸ್ತಿನ ಆಗ್ತೈತಿ.

ಹೆಬ್ಬಟ್ಟಿನ ವಿಚಾರಕ್ಕ ಒಂದು. ಒಪ್ಪಿಗಿ ಪತ್ರ ಅವ್ವಗ ತಿಳಿಯೋ ಭಾಷಾದಾಗ ಇರಬೇಕು, ಯಾವಾಗ ಬೇಕಾದ್ರೂ ಬ್ಯಾಡ ಅಂತ ಹಿಂದ ಸರೀಬಹುದು, ಹಂಗ ಸರದ್ರ ಚಿಕಿತ್ಸೆಗೆ ಏನೂ ತೊಂದರಿ ಆಗಂಗಿಲ್ಲ ಅಂತ ಮೊದಲ ಹೇಳಬೇಕು, ಓದಾಕ ಬರಲಾರದವ್ರಿದ್ರ ಸಂಬಂಧ ಇಲ್ಲದ ಸಾಕ್ಷಿ ಒಬ್ರು ಇರಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನೈತಿಕ ಮಾರ್ಗಸೂಚಿ ಇದನ್ನೆಲ್ಲ ಹೇಳ್ತೈತಿ. ಒಪ್ಪಿಗಿ ಪತ್ರದ ಒಂದು ಪ್ರತಿ ನಿಮ್ಮ ಮನ್ಯಾಗ ಇರಬೇಕು, ಇಲ್ಲಂದ್ರ ಆ ಹುಡುಗಿನ್ನ ಕೇಳಿ ಇಸ್ಕೊಳ್ರಿ, ಅದರಾಗ ಫೋನ್ ನಂಬರ್ ಇರ್ತೈತಿ.

ಪ್ರಶ್ನೆ: ಯಾವ ಸಂಶೋಧನೆ ಎಷ್ಟು ಗಟ್ಟಿ ಅಂತ ಮ್ಯಾಲಿಂದ ಕೆಳಗ ಜೋಡಿಸಿ ತೋರಿಸೋ ಎವಿಡೆನ್ಸ್ ಪಿರಮಿಡ್‌ನಾಗ ಇಂಥ ಸಂಶೋಧನೆ ಎಲ್ಲಾಕ್ಕಿಂತ ಕೆಳಗ ಇಲ್ಲಾ ಪಿರಮಿಡ್ ಹೊರಗನ ಇರ್ತೈತಿ. ಇದಕ್ಕ ಇಷ್ಟು ಟೈಮ್ ಯಾಕ ಕೊಡ್ತೀರಿ? (ವಿಜಯಪುರ, ಫಿಸಿಯೋಥೆರಪಿಸ್ಟ್)

ಉತ್ತರ: ಆ ಪಿರಮಿಡ್ "ಈ ಚಿಕಿತ್ಸೆ ಕೆಲಸ ಮಾಡ್ತೈತೇನು" ಅನ್ನೋ ಒಂದ ಪ್ರಶ್ನಿಗೆ ಕಟ್ಟಿದ್ದು ಸರ, ಸ್ಪ್ಲಿಂಟ್ (ಕೈಗೆ ಆಧಾರಕ್ಕ ಹಾಕೋ ಪಟ್ಟಿ) ಇಸ್ಕೊಂಡವ್ರು ಅದನ್ನ ಯಾಕ ಟ್ರಂಕಿನಾಗ ಇಡ್ತಾರ ಅನ್ನೋ ಪ್ರಶ್ನಿಗೆ ಅಲ್ಲ. ನಿಮ್ಮಂಗ ವಿಚಾರ ಮಾಡೋವ್ರು ದೊಡ್ಡ ಜರ್ನಲ್‌ಗಳೊಳಗೂ ಅದಾರ, ಬಿಎಂಜೆ ಇಂಥ ಪೇಪರ್ ತಮಗ ಆದ್ಯತಿ ಅಲ್ಲ ಅಂತ ವಾಪಸ್ ಕಳಿಸಿದ್ದಕ್ಕ 2016ರಾಗ ಗ್ರೀನ್‌ಹಾಲ್ಗ್ ಮತ್ತ ಅವರ ಜೋಡಿ 11 ದೇಶದ 70ಕ್ಕೂ ಹೆಚ್ಚು ಪ್ರಾಧ್ಯಾಪಕರು ಬಹಿರಂಗ ಪತ್ರ ಬರದ್ರು. ಸಂಪಾದಕರೇನು ಪೂರ್ತಿ ಮಣೀಲಿಲ್ಲ ಬಿಡ್ರಿ. ಇನ್ನ ಇಂಥ ಬಹಳ ಪೇಪರ್ ಕೂಡಿಸಿ ಒಂದು ತೀರ್ಮಾನಕ್ಕ ಬಂದಾಗ ಅದನ್ನ ಎಷ್ಟು ನಂಬಬೇಕು ಅಂತ ತೂಗಾಕ ಗ್ರೇಡ್-ಸರ್ಕ್ವಲ್ ಅಂತ ಒಂದು ಪದ್ಧತಿ ಐತಿ, ಮಾಡಿದ ರೀತಿಯ ದೋಷ, ಮಾಹಿತಿಗೂ ತೀರ್ಮಾನಕ್ಕೂ ಹೊಂದಾಣಿಕಿ, ಮಾಹಿತಿ ಸಾಕಷ್ಟು ಐತೇನು, ನಮ್ಮ ಪ್ರಶ್ನಿಗೆ ಸಂಬಂಧ ಐತೇನು ಅಂತ ನಾಕು ನೋಡ್ತಾರ. ಪುರುಸೊತ್ತಾದಾಗ ನೋಡ್ರಿ.

ಪ್ರಶ್ನೆ: ನಾನು ಸೆರೆಬ್ರಲ್ ಪಾಲ್ಸಿ (ಎಳೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡತಕ್ಕ ಬರಲಾರದ ತೊಂದರಿ) ಇರೋ ಮಕ್ಕಳ ಜೋಡಿ ಕೆಲಸ ಮಾಡ್ತೀನಿ. ಮನ್ಯಾಗ ಮಾಡಿಸ್ರಿ ಅಂತ ಹೇಳಿಕೊಟ್ಟದ್ದನ್ನ ತಾಯಂದಿರು ಯಾಕ ಮಾಡ್ಸಂಗಿಲ್ಲ ಅಂತ ಹೊರದೇಶದ ಒಂದು ಪೇಪರ್ ಓದಿದೆ, ಭಾಳ ಛಂದ ಐತಿ, ಆದ್ರ ನಮ್ಮ ಇಂಡಿ, ಸಿಂದಗಿ ಕಡೆಯಿಂದ ಬರೋ ತಾಯಂದಿರಿಗೆ ಅದು ಲಾಗೂ ಆಗ್ತೈತೇನು ಅಂತ ಹೆಂಗ ಗೊತ್ತು ಮಾಡೂದು? (ವಿಜಯಪುರ)

ಉತ್ತರ: ಲಾಗೂ ಆಗ್ತೈತಿ ಅಂತ ಬರದವ್ರು ಹೇಳಾಕ ಬರಂಗಿಲ್ಲ, ಅವ್ರು ಸಿಂದಗಿ ನೋಡಿಲ್ಲ. ಅದನ್ನ ತೀರ್ಮಾನ ಮಾಡೋವ್ರು ನೀವು. ಬರದವ್ರ ಜವಾಬ್ದಾರಿ ಏನಂದ್ರ ನಿಮಗ ತೀರ್ಮಾನ ಮಾಡಾಕ ಬೇಕಾದಷ್ಟು ತಮ್ಮ ಕಡಿ ವಿವರ ಕೊಡೂದು. ಆ ತಾಯಿ ಹೊರಗ ದುಡಿಯಾಕ ಹೊಕ್ಕಾಳೇನು, ಮನ್ಯಾಗ ಎಷ್ಟು ಮಂದಿ, ಥೆರಪಿಸ್ಟ್ ಮನಿಗೆ ಬರ್ತಾರೋ ಇವ್ರು ಬಸ್ ಹಿಡದು ಹೋಗ್ತಾರೋ, ರೊಕ್ಕ ಯಾರು ಕೊಡ್ತಾರ, ಇಷ್ಟು ಇಲ್ಲದ "ತಾಯಂದಿರು ಸಮಯದ ಅಭಾವ ಎದುರಿಸಿದರು" ಅಂತ ಬರದ್ರ ಏನು ಮಾಡೂದು ಅದನ್ನ ತಗೊಂಡು? ಅಲ್ಲಿ ಸಮಯ ಇಲ್ಲ ಅಂದ್ರ ಆಫೀಸಿನಿಂದ ಬರೂದು ಹೊತ್ತಾತು ಅಂತ ಇರಬಹುದು, ನಿಮ್ಮ ಕಡಿ ಅಂದ್ರ ಬಿತ್ತಿಗಿ, ಕಳೆ, ನೀರು, ಅತ್ತಿ ಮಾತು, ಇಲ್ಲಾ ಮಳಿ ಕೈಕೊಟ್ಟ ವರ್ಷ ಇಡೀ ಮನಿನ ಗೋವಾ, ಮಹಾರಾಷ್ಟ್ರಕ್ಕ ಗುಳೇ ಹೋಗಿರ್ತೈತಿ, ಕೂಸಿನ ಕಾಲಿಗೆ ಹಾಕೋ ಸಾಧನ ಊರಾಗ ಉಳದಿರ್ತೈತಿ.

ನಾನಾದ್ರ ಪೇಪರ್ ತಗೊಂಡು ಎರಡು ಕಡಿ ಗೆರಿ ಹೊಡೀತೀನಿ. ಎಲ್ಲಿ ಕಾರಣ ಮನಿ ಕಟ್ಟಿದ ರೀತಿಗೆ, ರೊಕ್ಕಕ್ಕ, ಸರಕಾರಿ ಸೌಲಭ್ಯಕ್ಕ ಸಂಬಂಧಪಟ್ಟದ್ದೋ ಅಲ್ಲಿ ನಂಬಂಗಿಲ್ಲ, ಇಲ್ಲಿ ಮತ್ತ ಕೇಳಬೇಕು. ಎಲ್ಲಿ ಆ ತಾಯಿ ನಾನು ಅದರ ಅವ್ವ, ಅದಕ್ಕ ಮಾಸ್ತರ್ತಿ ಆಗಾಕ ನನಗ ಮನಸಿಲ್ಲ ಅನ್ನೋ ರೀತಿ ಏನರ ಅಂದಿರ್ತಾಳೋ ಅಲ್ಲಿ ನಿಂತು ಎರಡು ಸಲ ಓದತೀನಿ, ಅಂಥಾದ್ದನ್ನ ನಾಳೆ ನಿಮ್ಮ ಓಪಿಡಿಯೊಳಗ ಒಬ್ಬಾಕಿ ಮುಂದ ಇಟ್ಟು, ನಿಮಗೂ ಹಂಗ ಅನಸ್ತೈತೇನವ್ವಾ ಅಂತ ಕೇಳಿ ನೋಡಾಕ ಬರ್ತೈತಿ.

ಅಡ್ಡ ಮಾತು ಒಂದು. ನಾವು ದಿನಾ ಬಳಸೋ ಸಾಧನಗಳೂ ಎಲ್ಲಿಂದೋ ಬಂದಾವ. ಸಿಓಪಿಎಂ ಅಂತ ಕೆನಡಾದ ಅಳತಿ ಐತಿ, ಕೆಲಸಗಳನ್ನ ಸ್ವಂತ ಆರೈಕೆ, ದುಡಿಮೆ, ಬಿಡುವು ಅಂತ ಮೂರು ಪಾಲು ಮಾಡ್ತೈತಿ. ಬ್ಯಾಸಿಗ್ಯಾಗ ಹತ್ತು ಮನಿ ಹೆಣ್ಮಕ್ಕಳು ಕೂಡಿ ಹಾಡಿಕೊಂತ ಶ್ಯಾವಿಗಿ ಹೊಸೆಯೂದು ಯಾವ ಪಾಲಿಗೆ ಬರ್ತೈತಿ ಹೇಳ್ರಿ ನೋಡೂನು. ಜಪಾನಿನ ಓಟಿಗಳಿಗೂ ಇದ ತ್ರಾಸ ಆಗಿ, ಅವ್ರ ಜೋಡಿ ಕುಂತು ಮೈಕೆಲ್ ಇವಾಮಾ 2006ರಾಗ ಜೀವನನ ನದಿ ಹಂಗ ನೋಡೋ ಕಾವಾ ಮಾಡೆಲ್ ಅಂತ ಬ್ಯಾರೆನ ತಂದ್ರು. ಸಂದರ್ಶನದ ಪ್ರಶ್ನಿಗಳನ್ನ ಯಾವ ಚೌಕಟ್ಟಿನ ಮ್ಯಾಲೆ ಕಟ್ಯಾರ ಅಂತ ಪೇಪರ್‌ನಾಗ ನೋಡ್ರಿ, ಚೌಕಟ್ಟಿನಾಗ ಜಾಗ ಇಲ್ಲದ್ದನ್ನ ಯಾರೂ ಕೇಳಿರಂಗಿಲ್ಲ.

ಪ್ರಶ್ನೆ: ಎಂಓಟಿ (ಓಟಿ ಸ್ನಾತಕೋತ್ತರ ಪದವಿ) ಥೀಸಿಸ್ ಮಾಡಾಕತ್ತೀನಿ. ಸಂದರ್ಶನ ಅರ್ಧ ಕನ್ನಡ, ಅರ್ಧ ಮರಾಠಿ, ಭಾಳ ಕಡಿ ಎರಡೂ ಕೂಡೇ ಬರ್ತಾವ. ನೇರ ಇಂಗ್ಲಿಷಿನಾಗ ಟೈಪ್ ಮಾಡೀನಿ. ಗೈಡ್ ಹೇಳ್ತಾರ, ಇಬ್ರು ಕೋಡ್ ಮಾಡಿ ಕಪ್ಪಾ ವ್ಯಾಲ್ಯೂ (ಇಬ್ರ ಕೋಡ್ ಎಷ್ಟು ಹೊಂದತಾವ ಅನ್ನೋ ಅಂಕಿ) ತೋರಸ್ರಿ, ಇಲ್ಲಂದ್ರ ಯಾರೂ ನಂಬಂಗಿಲ್ಲ ಅಂತ. ನಾ ತಗೊಂಡಿದ್ದು ರಿಫ್ಲೆಕ್ಸಿವ್ ಥಿಮ್ಯಾಟಿಕ್ ಅನಾಲಿಸಿಸ್. ಏನು ಮಾಡ್ಲಿ? ಮತ್ತ ನಾನ ಅವ್ರಿಗೆ ಥೆರಪಿನೂ ಮಾಡೀನಿ, ಅದು ತಪ್ಪೇನು? (ಬೆಳಗಾವಿ)

ಉತ್ತರ: ಗೈಡ್ ಜೋಡಿ ಜಗಳಕ್ಕ ಹೋಗಬ್ಯಾಡ್ರಿ, ಅವ್ರು ಕೇಳೂದರಾಗ ಒಂದು ಖರೆ ಕಾಳಜಿ ಐತಿ, ನೀವು ಮನಸಿಗೆ ಬಂದಂಗ ಬರದಿಲ್ಲ ಅಂತ ತೋರಿಸಬೇಕು ಅನ್ನೂದು. ಆದ್ರ ಕಪ್ಪಾ ಅದಕ್ಕ ಉತ್ತರ ಅಲ್ಲ. ಮೊದಲ ಕೋಡ್ ಪಟ್ಟಿ ಮಾಡಿಟ್ಟು, ಪ್ರತಿ ಸಾಲಿಗೂ ಒಂದ ಸರಿ ಕೋಡ್ ಐತಿ ಅಂತ ತಿಳದು ಕೆಲಸ ಮಾಡೋ ಪದ್ಧತಿಗೆ ಇಬ್ರ ಹೊಂದಾಣಿಕಿ ಲೆಕ್ಕ ಹಾಕೂದು ಒಪ್ತೈತಿ. ನೀವು ತಗೊಂಡ ಪದ್ಧತಿ ಬ್ರೌನ್ ಮತ್ತ ಕ್ಲಾರ್ಕ್‌ರದು, 2006ರ ಪೇಪರ್‌ನಿಂದ ಪ್ರಸಿದ್ಧಿ ಆತು, ಆಮ್ಯಾಲೆ 2019ರಾಗ ರಿಫ್ಲೆಕ್ಸಿವ್ ಅಂತ ಹೆಸರಿಟ್ಟು ಬಿಡಿಸಿ ಹೇಳಿದ್ರು, ಅದರಾಗ ಅರ್ಥ ಕಟ್ಟಾಕಿ ನೀವು, ನೀವು ಯಾರು ಅನ್ನೂದನ್ನ ಮುಚ್ಚಿಡದ ಮುಂದ ಇಟ್ಟು ಕಟ್ಟಬೇಕು, ಅಲ್ಲಿ ಕಪ್ಪಾಗ ಜಾಗನ ಇಲ್ಲ ಅಂತ ಅವ್ರ ಸ್ವತಃ ಹೇಳ್ಯಾರ. ಪದ್ಧತಿ ಒಂದು, ಅದನ್ನ ತೂಗೋ ತಕ್ಕಡಿ ಇನ್ನೊಂದರದ್ದು ಆದ್ರ ವೈವಾದಾಗ ಸಿಗಬೀಳೋವ್ರು ನೀವು, ಗೈಡ್ ಅಲ್ಲ. "ಥೀಮ್ಸ್ ಎಮರ್ಜ್ ಆದವು" ಅಂತನೂ ಬರೀಬ್ಯಾಡ್ರಿ ಹಂಗ, ತಾವಾಗೇ ಎದ್ದು ಬರಾಕ ಅವಕ್ಕೇನು ಕಾಲು ಅದಾವೇನು.

ಎರಡನೇದವ್ರನ್ನ ಬ್ಯಾರೆ ಕೆಲಸಕ್ಕ ಕರೀರಿ. ಮೂರು ನಾಕು ಟ್ರಾನ್ಸ್‌ಕ್ರಿಪ್ಟ್ ಅವ್ರಿಗೆ ಕೊಟ್ಟು, ನಾ ಎಲ್ಲಿ ಎಳದು ಅರ್ಥ ಮಾಡೀನಿ ಹುಡುಕ್ರಿ ಅಂತ ಹೇಳ್ರಿ, ಅವ್ರ ಅಂದದ್ದರಿಂದ ಯಾವ ಥೀಮ್ ಒಡದು ಎರಡಾತು, ಯಾವುದು ಬಿಟ್ರಿ ಅಂತ ತಾರೀಖು ಹಾಕಿ ಬರದಿಡ್ರಿ. ಆಡಿಟ್ ಟ್ರೇಲ್ ಅಂದ್ರ ಇದ. ಇದನ್ನ ಅಪೆಂಡಿಕ್ಸ್‌ನಾಗ ಎರಡು ಪುಟ ಹಾಕಿ ಗೈಡ್ ಮುಂದ ಇಡ್ರಿ, ಅವ್ರ ಕಾಳಜಿಗೆ ಇದು ಕಪ್ಪಾಕಿಂತ ಛಲೋ ಉತ್ತರ.

ನೇರ ಇಂಗ್ಲಿಷಿನಾಗ ಟೈಪ್ ಮಾಡಿದ್ದು ಮಾತ್ರ ನನಗ ಸೇರಲಿಲ್ಲ, ಆಡಿಯೋ ಇನ್ನೂ ಇದ್ರ ಥೀಸಿಸ್‌ನಾಗ ಹಾಕೋ ಮಾತುಗಳನ್ನಾದ್ರೂ ಆಡಿದ ಭಾಷಾದಾಗ ಬರಕೊಳ್ರಿ. ಯಾಕಂದ್ರ ಟೈಪ್ ಮಾಡೂಮುಂದನ ನೀವು ಅರ್ಥ ಆರಿಸಿಬಿಟ್ಟೀರಿ, ಆಡಿದ್ದು ಏನು ಅಂತ ನೋಡಾಕ ಇನ್ನ ಯಾರಿಗೂ ದಾರಿ ಇಲ್ಲ. ಒಬ್ಬ ಅಜ್ಜ ಕನ್ನಡದಾಗ ಶುರು ಮಾಡಿ, ಸಿಟ್ಟು ಬಂದಾಗ ಮರಾಠಿಗೆ ಹೊಳ್ಳಿದ್ದ ಅಂದ್ರ ಇಂಗ್ಲಿಷಿನಾಗ ಆ ಹೊಳ್ಳಿದ್ದ ಕಾಣಂಗಿಲ್ಲ. ಯಾರು ಅನುವಾದ ಮಾಡಿದ್ರು, ಮರಾಠಿ ನಿಮಗ ಎಷ್ಟು ಬರ್ತೈತಿ ಅಂತನೂ ಬರೀರಿ, ಬೆಳಗಾವಿಯಾಗ ಕುಂತು ಇದನ್ನ ಬರೀಲಿಲ್ಲ ಅಂದ್ರ ಓದೋವ್ರು ಕೇಳ ಕೇಳ್ತಾರ.

ನೀವ ಥೆರಪಿ ಮಾಡಿ ನೀವ ಕೇಳಿದ್ದು ತಪ್ಪಲ್ಲ, ಮುಚ್ಚಿಟ್ರ ತಪ್ಪು. ಕೊರೆಕ್ ಅಂತ 2007ರ ಪಟ್ಟಿ ಐತಲ್ಲ, 32 ಅಂಶದ್ದು, ಅದರ ಮೊದಲನೇ ಭಾಗನ ಇದು, ಕೇಳಿದವ್ರು ಯಾರು, ಏನು ಕಲ್ತಾರ, ಮೊದಲ ಪರಿಚಯ ಇತ್ತೇನು ಅಂತ. ನೆನಪಿರಲಿ, ಕೊರೆಕ್ ಏನೇನು ವರದಿ ಮಾಡಬೇಕು ಅಂತ ಹೇಳೋ ಪಟ್ಟಿ, 32ಕ್ಕ 32 ಬರದ್ರೂ ಕೆಟ್ಟ ಸಂಶೋಧನೆ ಕೆಟ್ಟದ್ದ ಇರ್ತೈತಿ. ಥೆರಪಿಸ್ಟ್ ಮುಂದ ಮಂದಿ ವ್ಯಾಯಾಮ ದಿನಾ ಮಾಡ್ತೀನ್ರಿ ಅಂತಾರ, ಬ್ಯಾಸರಾಗಿ ಬಿಟ್ಟೀನಿ ಅನ್ನಂಗಿಲ್ಲ. ಹಂಗಾಗಿ ಥೆರಪಿ ಹೊಗಳಿದ ಮಾತುಗಳಿಗೆ ಕಡಿಮಿ ತೂಕ ಕೊಡ್ರಿ, ನಿಮ್ಮ ಎದುರಿಗೆನ ಥೆರಪಿ ಬೈದವ್ರು ಒಬ್ರಿದ್ರೂ ಅವ್ರ ಮಾತನ್ನ ಪೂರ್ತಿ ಹಾಕ್ರಿ.

ಪ್ರಶ್ನೆ: ನಾವು ಇಳಕಲ್‌ನಾಗ ಕೈಮಗ್ಗದವ್ರು. ಭುಜದ ನೋವಿನ ಬಗ್ಗೆ ಸಂಶೋಧನೆ ಅಂತ ಬಂದವ್ರು ಪ್ರಶ್ನಿ ಕೇಳಿದ್ದು ಸ್ವಲ್ಪ, ಸುಮ್ನ ಕುಂತು ನೋಡಿದ್ದ ಭಾಳ. ಇದೂ ಸಂಶೋಧನೆನಾ? (ಬಾಗಲಕೋಟೆ ಜಿಲ್ಲೆ)

ಉತ್ತರ: ಹೌದ್ರಿ, ಕೆಲವೊಮ್ಮೆ ಅದ ಛಲೋದು. ನೋವು ಐತೇನು ಅಂದ್ರ ಏನಿಲ್ರಿ ರೂಢಿ ಆಗೇತಿ ಅಂತೀರಿ, ಆದ್ರ ಲಾಳಿ ಎಸೆಯೂಮುಂದ ಎಷ್ಟೊತ್ತಿಗೆ ಒಮ್ಮೆ ನಿಂತು ಕೈ ಝಾಡಸ್ತೀರಿ ಅನ್ನೂದು ನೋಡಿದ್ರನ ಗೊತ್ತಾಗೂದು. 1980ರ ದಶಕದ ಕೊನಿಗೆ ಚೆರಿಲ್ ಮ್ಯಾಟಿಂಗ್ಲಿ ಅನ್ನೋ ಮಾನವಶಾಸ್ತ್ರಜ್ಞೆ ಬೋಸ್ಟನ್‌ನ ಆಸ್ಪತ್ರಿಯೊಂದರಾಗ ಓಟಿಗಳು ಕೆಲಸ ಮಾಡೂದನ್ನ ಹಿಂಗ ನೋಡಿ, ವಿಡಿಯೋ ಮಾಡಿ, ಅವ್ರು ರೋಗಿ ಬಗ್ಗೆ ವಿಚಾರ ಮಾಡೂದು ಬರೇ ವೈದ್ಯಕೀಯ ಲೆಕ್ಕದಾಗಲ್ಲ, ಕಥಿ ಹೇಳ್ಕೊಂತ ಅಂತ ಕಂಡುಹಿಡದ್ರು, ಬರೇ ಕೇಳಿದ್ರ ಅವರ್ಯಾರೂ ನಾವು ಕಥಿ ಹೇಳ್ತೀವಿ ಅಂತಿರಲಿಲ್ಲ. ನಿಮ್ಮಲ್ಲಿಗೆ ಬಂದವ್ರು ಒಂದ ದಿನ ಕುಂತು ಹೋದ್ರೋ, ಹಬ್ಬದ ಗದ್ದಲದ ದಿನ, ಕೆಲಸ ಇಲ್ಲದ ದಿನ ಎಲ್ಲಾ ನೋಡಿದ್ರೋ, ಅದರ ಮ್ಯಾಲೆ ಐತಿ.

ಪ್ರಶ್ನೆ: ಟ್ರಾನ್ಸ್‌ಕ್ರಿಪ್ಟ್‌ಗಳನ್ನ ಎಐಗೆ ಹಾಕಿ ಥೀಮ್ ತಗೀಬಹುದೇನ್ರಿ? ಎನ್‌ವಿವೊ ಸಾಫ್ಟ್‌ವೇರ್ ಇದ್ರ ಪೇಪರ್ ಗಟ್ಟಿ ಅಂತಾರ, ಖರೇನ? (ಬೆಳಗಾವಿ, ವಿದ್ಯಾರ್ಥಿ)

ಉತ್ತರ: ಎನ್‌ವಿವೊ ಕೋಡ್ ಹಾಕಿದ ಸಾಲುಗಳನ್ನ ಜೋಡಿಸಿ ಇಡ್ತೈತಿ, ಹುಡುಕಿ ಕೊಡ್ತೈತಿ, ವಿಚಾರ ಮಾಡೂದು ನೀವ. ಪೇಪರ್‌ನಾಗ ಅದರ ಹೆಸರು ನೋಡಿ ಗಟ್ಟಿ ಅಂತ ತಿಳಕೋಬ್ಯಾಡ್ರಿ. ಎಐ ಕೊಡೋ ಥೀಮ್ ಹೆಚ್ಚಾಗಿ "ಸವಾಲುಗಳು, ಬೆಂಬಲ" ಅನ್ನೋ ಜಾತಿದ್ದ ಇರ್ತಾವ, ಮೊದಲನೇ ಉತ್ತರದಾಗ ಬೈದಿದ್ನಲ್ಲ ಅವ. ಅದಕ್ಕಿಂತ ದೊಡ್ಡದು ಒಪ್ಪಿಗಿ ವಿಚಾರ. ಆ ಮನಿಯವ್ರು ನಿಮ್ಮ ಮುಂದ ಆಡಿದ ಮಾತು, ಅದರಾಗ ಊರು, ಓಣಿ, ಜಡ್ಡಿನ ಹೆಸರು ಎಲ್ಲಾ ಇರ್ತೈತಿ, ಹೊರಗಿನ ಕಂಪನಿ ಸರ್ವರ್‌ಗೆ ಹೋಗ್ತೈತಿ ಅಂತ ಒಪ್ಪಿಗಿ ಪತ್ರದಾಗ ಬರದಿದ್ರೇನು? ಬರದಿಲ್ಲ ಅಂದ್ರ ಹಾಕಬ್ಯಾಡ್ರಿ, ಹೆಸರು ತಗದ್ರೂ ಹಾಕಬ್ಯಾಡ್ರಿ, ನಮ್ಮ ಊರುಗಳೊಳಗ ಹೆಸರಿಲ್ಲದನ ಯಾರು ಅಂತ ಗುರ್ತು ಹಿಡೀತಾರ. ಮೊದಲ ಎಥಿಕ್ಸ್ ಕಮಿಟಿಗೆ ಬರದು ಕೇಳ್ರಿ, ಅವ್ರು ಹೂಂ ಅಂದ್ರ ಹೊಸಾ ಒಪ್ಪಿಗಿ ಪತ್ರ ಮಾಡ್ಕೊಂಡು ಮತ್ತ ಆ ಮನಿಗಳಿಗೆ ಹೋಗಿ ಸಹಿ ತಗೊಂಡ ಬರ್ರಿ.